ಆ ಕನ್ನಡಕ ನಮ್ಮ ಮುಖ ಓದೋದು ಬೇಡ

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಓದಿ.

ಹೋದ ಭಾನುವಾರ ನಮ್ಮ ಓದು ಬಳಗಕ್ಕೆ ಒಬ್ಬ ತಮ್ಮ ಹೊಸ ಕನ್ನಡಕ ಹಾಕ್ಕೊಂಡು ಬಂದಿದ್ದ. ನೋಡೋಕೆ ಮಾಮೂಲಿ ಕಪ್ಪು ಫ್ರೇಮು, ಕಿವಿ ಮೇಲೆ ಕೂರೋ ಕಡ್ಡಿ ಮಾತ್ರ ಸ್ವಲ್ಪ ದಪ್ಪ. ಮೆಟಾ ಕಂಪನಿ, ಅಂದ್ರೆ ನಾವು ದಿನಾ ಜಗಳ ಆಡೋ ಈ ಫೇಸ್‌ಬುಕ್ಕಿನವರು, ರೇ-ಬ್ಯಾನ್ ಜೊತೆ ಸೇರಿ ಮಾಡಿರೋದು. 2025ರ ಮೇ ತಿಂಗಳಲ್ಲಿ ಇಂಡಿಯಾಕ್ಕೆ ಬಂತು, ಶುರುವಿನ ಬೆಲೆ 29,900 ರೂಪಾಯಿ. ಅದರಲ್ಲಿ ಕ್ಯಾಮೆರಾ ಇದೆ, ಕಿವಿ ಹತ್ತಿರ ಸ್ಪೀಕರ್ ಇದೆ, ಎದುರಿಗಿರೋದು ಏನು ಅಂತ ಕೇಳಿದ್ರೆ ಹೇಳೋ ಎಐ ಇದೆ. ಎಲ್ಲರೂ ಒಂದೊಂದು ಸಲ ಹಾಕ್ಕೊಂಡ್ವಿ. ನಾನೂ ಹಾಕ್ಕೊಂಡೆ. ಸುಳ್ಳ್ಯಾಕೆ ಹೇಳ್ಲಿ, ಖುಷಿ ಆಯ್ತು.

ಬಳಗದ ಒಬ್ಬ ತಂಗಿ ನನ್ನ ಕಡೆ ಕೈ ತೋರಿಸಿ, "ಇವರು ಯಾರು ಅಂತ ಹೇಳುತ್ತೇನೋ ಇದು?" ಅಂತ ಕೇಳಿದ್ಲು.

"ಈಗ ಹೇಳಲ್ಲ ಕಣಕ್ಕ. ಕಂಪನಿ ಅದನ್ನ ಬಿಟ್ಟಿಲ್ಲ ಅಷ್ಟೇ, ಟೆಕ್ನಾಲಜಿ ಎಲ್ಲಾ ರೆಡಿ ಇದೆ. ಮುಂದೆ ಹೇಳುತ್ತೆ" ಅಂದ.

ಆ "ಮುಂದೆ ಹೇಳುತ್ತೆ" ಅನ್ನೋದು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಯಾಕಂದ್ರೆ ಅವತ್ತು ನಾವು ಓದ್ತಾ ಇದ್ದದ್ದು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'. ಅದೂ ಬರೋಡದ ಭಾಗ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಅಮೆರಿಕ, ಲಂಡನ್ನಿನಲ್ಲಿ ಓದಿ 1917ರಲ್ಲಿ ವಾಪಸ್ ಬಂದ ಬಾಬಾಸಾಹೇಬರು ಬರೋಡ ಸಂಸ್ಥಾನದ ಕೆಲಸಕ್ಕೆ ಹೋಗ್ತಾರೆ. ಉಳ್ಕೊಳ್ಳೋಕೆ ಜಾಗ ಇಲ್ಲ. ಹಿಂದೂ ಹೋಟೆಲಿನವರು ಸೇರಿಸಲ್ಲ. ಒಂದು ಪಾರ್ಸಿ ವಸತಿಗೃಹಕ್ಕೆ ಹೋದ್ರೆ, ನೋಡ್ಕೊಳ್ಳುವವನು ಇವರು ಕೋಟು ಬಿಚ್ಚಿದ್ದು ನೋಡಿ, ಪಾರ್ಸಿಗಳು ಒಳಗೆ ಹಾಕ್ಕೊಳ್ಳೋ ಸದ್ರಾ ಇಲ್ಲ ಅಂತ ಕಂಡುಹಿಡೀತಾನೆ. ಕೊನೆಗೆ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸೋದು ಅಂತ ಒಪ್ಪಂದ ಆಗುತ್ತೆ. ದಿನಕ್ಕೆ ಒಂದೂವರೆ ರೂಪಾಯಿ. ಹಳೇ ಸಾಮಾನು ತುಂಬಿದ, ಕತ್ತಲೆ ಹಾಲ್ ಪಕ್ಕದ ರೂಮಲ್ಲಿ ಒಬ್ಬರೇ. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡ್ಕೊಂಡ ಒಂದು ಡಜನ್ ಪಾರ್ಸಿಗಳು ಮೆಟ್ಟಿಲು ಹತ್ತಿ ಬರ್ತಾರೆ, ನೀನು ಯಾರು ಅಂತ ಕೇಳ್ತಾರೆ. ಸಂಜೆಯೊಳಗೆ ಖಾಲಿ ಮಾಡು ಅಂತಾರೆ. ಇಬ್ಬರು ಸ್ನೇಹಿತರನ್ನ ಕೇಳ್ತಾರೆ, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್. ಇಬ್ಬರದ್ದೂ ಒಂದೊಂದು ನೆಪ. ರಾತ್ರಿ ರೈಲು ಬರೋವರೆಗೆ ಪಾರ್ಕಿನಲ್ಲಿ ಕೂತು, ಮುಂಬೈಗೆ ವಾಪಸ್ ಹೋಗ್ತಾರೆ.

ಕೊಲಂಬಿಯಾದಲ್ಲಿ ಓದಿದ ಮನುಷ್ಯನಿಗೆ ಆ ಊರಲ್ಲಿ ಸಿಕ್ಕಿದ್ದು ಹತ್ತು ರಾತ್ರಿ. ಯಾಕೆ ಸಿಕ್ತು? ಮುಖ ನೋಡಿದ ತಕ್ಷಣ ಹೆಸರು ಗೊತ್ತಾಗಲಿಲ್ಲ, ಅದಕ್ಕೆ. ಆ ಹತ್ತು ರಾತ್ರಿಯೂ ಇಲ್ಲದ ಹಾಗೆ ಮಾಡೋ ಕನ್ನಡಕ ಹೇಗಿರುತ್ತೆ ಅಂತ ಯೋಚನೆ ಮಾಡಿ.

ಈಗ ನನ್ನದು. ಇದನ್ನ ಇಲ್ಲಿವರೆಗೆ ಎಲ್ಲೂ ಬರೆದಿಲ್ಲ. ಓದಿದ ಮೇಲೆ ಬೈಯೋರು ಬೈಯಿರಿ.

2004ರಲ್ಲಿ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದೆ. ಹೆಂಡತಿ ಐದು ತಿಂಗಳ ಬಸುರಿ. ಎಂಟು ಮನೆ ನೋಡಿದ್ವಿ. ಎಲ್ಲಾ ಕಡೆ ಅದೇ ಮೂರು ಪ್ರಶ್ನೆ, ಕೇಳೋ ಕ್ರಮವೂ ಅದೇ. "ಯಾವೂರು ನಿಮ್ಮದು?", "ಮನೇಲಿ ನಾನ್ವೆಜ್ ಮಾಡ್ತೀರಾ?", ಆಮೇಲೆ ದನಿ ಸ್ವಲ್ಪ ಇಳಿಸಿ, "ತಪ್ಪು ತಿಳ್ಕೋಬೇಡಿ, ನೀವು ಏನು ಜನ?" ನಮ್ಮೂರು ಮಳವಳ್ಳಿ ಕಡೆ, ಹೆಸರಲ್ಲಿ ಜಾತಿ ಕಾಣಲ್ಲ, ಅಪ್ಪನ ಹೆಸರಿನ ಇನಿಷಿಯಲ್ ಅಷ್ಟೇ. ಏಳು ಮನೇಲಿ ನಿಜ ಹೇಳಿದೆ. ಏಳೂ ಕಡೆ, "ನಮ್ಮ ಯಜಮಾನರನ್ನ ಕೇಳಿ ಫೋನ್ ಮಾಡ್ತೀವಿ". ಎಂಟನೇ ಮನೇಲಿ, ನಮ್ಮದಲ್ಲದ ಒಂದು ಜಾತಿ ಹೆಸರು ಹೇಳಿದೆ. ಹೆಂಡತಿ ನನ್ನ ಮುಖ ನೋಡಿದ್ಲು, ಏನೂ ಮಾತಾಡಲಿಲ್ಲ. ಬೀಗದ ಕೈ ಸಿಕ್ತು.

ಆ ಮನೆ ಓನರ್ ತಾಯಿ ಒಬ್ಬರು ಅಜ್ಜಿ ಇದ್ದರು. ಮಗಳು ಹುಟ್ಟಿದ ಮೇಲೆ ನಮ್ಮವ್ವ ಊರಿಂದ ಬರೋದು ತಡ ಆಯ್ತು. ನಾಲ್ಕು ದಿನ ಆ ಅಜ್ಜಿನೇ ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸ್ಕೊಂಡು ನೀರು ಹಾಕಿದ್ದು. ಬಾಣಂತಿಗೆ ಅಂತ ಮೆಣಸಿನ ಸಾರು ಮಾಡಿ ಕೆಳಗಿಂದ ಮೇಲಕ್ಕೆ ತಾನೇ ಹತ್ತಿ ತಂದುಕೊಡೋದು. ಮಂಡಿನೋವು ಅಂತ ಪ್ರತಿ ಮೆಟ್ಟಿಲಿಗೂ ನಿಂತು ಬರ್ತಿತ್ತು ಪಾಪ. ನನ್ನ ಮಗಳಿಗೆ "ನಮ್ಮನೆ ಮಹಾಲಕ್ಷ್ಮಿ" ಅಂತ ಕರೀತಿತ್ತು. ನನಗೆ ಆ ಹೆಸರು ಇಷ್ಟ ಇರಲಿಲ್ಲ, ಆ ಮಾತು ಬೇರೆ.

ಏಳನೇ ತಿಂಗಳಲ್ಲಿ ಊರಿಂದ ಅಂಚೆಯಲ್ಲಿ ಒಂದು ಮದುವೆ ಕಾರ್ಡು ಬಂತು. ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ. ಅಂಚೆಯವನು ಅದನ್ನ ಕೆಳಗಡೆ ಮನೆಗೆ ಕೊಟ್ಟು ಹೋಗಿದ್ದ. ಯಾರೂ ಏನೂ ಅನ್ನಲಿಲ್ಲ. ದೊಣ್ಣೆಯೂ ಬರಲಿಲ್ಲ. ಎರಡು ದಿನ ಬಿಟ್ಟು ಓನರ್ ಬಂದು, "ನಮ್ಮ ತಂಗಿ ಬರ್ತಾಳೆ, ಮನೆ ಬೇಕಾಗಿದೆ" ಅಂದರು. ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟರು. ನಾವು ಸಾಮಾನು ಇಳಿಸೋವಾಗ ಅಜ್ಜಿ ಬಾಗಿಲ ಹತ್ತಿರ ನಿಂತಿತ್ತು. ನನ್ನ ಹೆಂಡತಿ ಮಗೂನ ಮುಂದೆ ಮಾಡಿದ್ಲು. ಅಜ್ಜಿ ಕೈ ಅರ್ಧ ಮುಂದೆ ಬಂದು, ವಾಪಸ್ ಸೆರಗಿನೊಳಗೆ ಹೋಯ್ತು.

ಆ ಏಳು ತಿಂಗಳು ಸುಳ್ಳೋ ನಿಜವೋ ಅಂತ ಇಪ್ಪತ್ತು ವರ್ಷ ಆದ್ರೂ ನನಗೆ ಗೊತ್ತಾಗಿಲ್ಲ. ಮಗುವಿಗೆ ಎಣ್ಣೆ ಹಚ್ಚಿದ ಕೈ ಅಂತೂ ನಿಜದ್ದೇ.

ಈ ಅನುಭವದಿಂದಲೇ ಈಗಿನ ಚರ್ಚೆ ನನಗೆ ವಿಚಿತ್ರ ಅನ್ಸೋದು. ಆಗ್ಮೆಂಟೆಡ್ ರಿಯಾಲಿಟಿ ಅಂದ್ರೆ ದೊಡ್ಡ ಬ್ರಹ್ಮವಿದ್ಯೆ ಏನಲ್ಲ. ಕಣ್ಣಿಗೆ ಕಾಣ್ತಿರೋ ನಿಜವಾದ ಲೋಕದ ಮೇಲೆ ಕಂಪ್ಯೂಟರ್ ಅಕ್ಷರ, ಚಿತ್ರ, ಬಾಣದ ಗುರುತು ತಂದು ಕೂರಿಸೋದು. ಬೀದಿ ನೋಡಿದ್ರೆ ಬೀದಿ ಹೆಸರು, ತಮಿಳು ಬೋರ್ಡು ನೋಡಿದ್ರೆ ಅದರ ಅರ್ಥ. ನಮ್ಮ ತಮ್ಮನ ಕನ್ನಡಕದಲ್ಲಿ ಪರದೆ ಇಲ್ಲ, ಅದು ಈ ದಾರಿಯ ಮೊದಲ ಮೆಟ್ಟಿಲು. ಮೆಟಾದವರು 2024ರ ಸೆಪ್ಟೆಂಬರಿನಲ್ಲಿ ಓರಾಯನ್ ಅನ್ನೋ ಪೂರ್ತಿ ಎ.ಆರ್. ಕನ್ನಡಕದ ಮಾದರಿ ತೋರಿಸಿದ್ರು. ಮರುವರ್ಷ ಒಂದು ಗಾಜಿನೊಳಗೆ ಚಿಕ್ಕ ಪರದೆ ಇರೋದನ್ನ 799 ಡಾಲರಿಗೆ ಮಾರುಕಟ್ಟೆಗೇ ಬಿಟ್ರು.

ಇದಕ್ಕೆ ಅವರು ಸುರಿದಿರೋ ದುಡ್ಡು ಎಷ್ಟು ಗೊತ್ತಾ? ಕನ್ನಡಕ, ಹೆಡ್‌ಸೆಟ್ ಮಾಡೋ ಅವರ ರಿಯಾಲಿಟಿ ಲ್ಯಾಬ್ಸ್ ವಿಭಾಗ 2020ರಿಂದ 2024ರವರೆಗೆ ತೋರಿಸಿದ ನಷ್ಟ 60 ಬಿಲಿಯನ್ ಡಾಲರಿಗೂ ಜಾಸ್ತಿ. ನಮ್ಮ ಲೆಕ್ಕದಲ್ಲಿ ಐದು ಲಕ್ಷ ಕೋಟಿ ರೂಪಾಯಿ ದಾಟುತ್ತೆ. ಇಡೀ ಕರ್ನಾಟಕ ಸರ್ಕಾರದ 2025-26ರ ಬಜೆಟ್ಟೇ 4.09 ಲಕ್ಷ ಕೋಟಿ. ಅದಕ್ಕೇ ಅಮೆರಿಕದ ಷೇರುದಾರರು, ವ್ಯಾಪಾರ ಪತ್ರಿಕೆಯವರು ಕೇಳ್ತಾ ಇರ್ತಾರೆ: ಈ ಕಂಪನಿ ಎ.ಆರ್. ಹಿಂದೆ ಹೋಗಬೇಕಾ, ಬೇಡವಾ? ಗೂಗಲ್ 2013ರಲ್ಲಿ ಗ್ಲಾಸ್ ಬಿಟ್ಟು ಎರಡೇ ವರ್ಷದಲ್ಲಿ ಜನಸಾಮಾನ್ಯರಿಗೆ ಮಾರೋದು ನಿಲ್ಲಿಸ್ತು, ಮೈಕ್ರೋಸಾಫ್ಟ್ ಹೋಲೋಲೆನ್ಸ್ ತಯಾರಿಕೆ ಮುಗಿಸ್ತು, ಆಪಲ್ ಮೂರೂವರೆ ಸಾವಿರ ಡಾಲರಿನ ಹೆಡ್‌ಸೆಟ್ ಬಿಟ್ಟಿದೆ, ಇವರು ಗೆಲ್ತಾರಾ? ಅವರ ಪ್ರಶ್ನೆ ಲಾಭದ್ದು. ಲಾಭ ಆದ್ರೆ ಸರಿ, ಆಗದಿದ್ರೆ ತಪ್ಪು.

ಅವರ ದುಡ್ಡು, ಅವರ ನಷ್ಟ, ನಂಗೇನು. ನಾನು ಕೇಳೋದು, ಆ ಕನ್ನಡಕ ಹಾಕ್ಕೊಂಡವನು ಯಾರನ್ನ ನೋಡ್ತಾನೆ, ನೋಡಿದಾಗ ಅವನಿಗೆ ಏನು ಕಾಣುತ್ತೆ ಅಂತ.

ಇದು ಕಲ್ಪನೆ ಅಂತ ಅಂದ್ಕೋಬೇಡಿ. 2024ರಲ್ಲಿ ಹಾರ್ವರ್ಡಿನ ಇಬ್ಬರು ವಿದ್ಯಾರ್ಥಿಗಳು ಇದೇ ಮೆಟಾ ಕನ್ನಡಕದ ವಿಡಿಯೊವನ್ನ ಪಿಮ್‌ಐಸ್ ಅನ್ನೋ ಮುಖ ಹುಡುಕೋ ಸೈಟಿಗೆ ಜೋಡಿಸಿ ತೋರಿಸಿದ್ರು. ರೈಲು ನಿಲ್ದಾಣದಲ್ಲಿ ಎದುರು ಸಿಕ್ಕ ಅಪರಿಚಿತರ ಹೆಸರು, ವಿಳಾಸ, ಫೋನ್ ನಂಬರ್ ನಿಂತಲ್ಲೇ ಸಿಗ್ತಿತ್ತು. ಅಪಾಯ ತೋರಿಸೋಕೆ ಮಾಡಿದ್ದು ಅಂತ ಹೇಳಿ ಅವರು ಕೋಡ್ ಹಂಚಲಿಲ್ಲ. ಇವರು ಹಂಚದಿದ್ರೆ ಇನ್ನೊಬ್ಬರು ಹಂಚ್ತಾರೆ. ರೆಕಾರ್ಡ್ ಆಗೋವಾಗ ಫ್ರೇಮಲ್ಲಿ ಒಂದು ಪುಟ್ಟ ದೀಪ ಹತ್ತುತ್ತೆ ಅನ್ನೋದು ಕಂಪನಿಯ ಸಮಾಧಾನ. ದುಡ್ಡು ತಗೊಂಡು ಆ ದೀಪ ಆರಿಸಿಕೊಡೋರು ಅಮೆರಿಕದಲ್ಲಿ ಆಗಲೇ ಹುಟ್ಟಿಕೊಂಡಿದ್ದಾರೆ. ನಮ್ಮ ಬೆಂಗಳೂರಲ್ಲಿ ಎಸ್.ಪಿ. ರೋಡಿನಲ್ಲಿ ಆ ಕೆಲಸಕ್ಕೆ ಎಷ್ಟು ಹೊತ್ತು ಬೇಕು ನೀವೇ ಹೇಳಿ.

"ಹೆಸರು ಗೊತ್ತಾದ್ರೆ ಏನಾಯ್ತಣ್ಣ, ಜಾತಿ ಬರೆದಿರಲ್ವಲ್ಲ?" ಅಂತ ಬಳಗದಲ್ಲಿ ಒಬ್ಬರು ಕೇಳಿದ್ರು. ನಮ್ಮ ದೇಶದಲ್ಲಿ ಅದನ್ನ ಯಾರೂ ಕದಿಯೋ ಕಷ್ಟ ತಗೋಬೇಕಾಗಿಲ್ಲ. ವಧು-ವರರ ವೆಬ್‌ಸೈಟುಗಳಲ್ಲಿ ಮುಖ, ಹೆಸರು, ಜಾತಿ, ಉಪಜಾತಿ ಎಲ್ಲಾ ಒಂದೇ ಪುಟದಲ್ಲಿ ಇರುತ್ತೆ. ನೇಮಕಾತಿಯ ಆಯ್ಕೆಪಟ್ಟಿಗಳಲ್ಲಿ ಹೆಸರಿನ ಮುಂದೆ ವರ್ಗ ಇರುತ್ತೆ, ಗೂಗಲ್ ಮಾಡಿದ್ರೆ ಪಿಡಿಎಫ್ ಸಿಗುತ್ತೆ. ಇನ್ನು ಫೇಸ್‌ಬುಕ್ಕಿಗೆ ಜಾತಿ ಕಾಲಂ ಯಾಕೆ ಬೇಕು? ಏಪ್ರಿಲ್ 14ರ ಮೆರವಣಿಗೆಯಲ್ಲಿ ಯಾರು ಯಾರನ್ನ ಟ್ಯಾಗ್ ಮಾಡಿದ್ರು, ಜನವರಿ 1ಕ್ಕೆ ಭೀಮಾ ಕೋರೆಗಾಂವಿನಿಂದ ಯಾರ ಸೆಲ್ಫಿ ಬಂತು, ಎಲ್ಲಾ ನಾವೇ ಕೈಯಾರೆ ಕೊಟ್ಟಿದ್ದೀವಿ. ಈ ಪೋಸ್ಟೂ ಸೇರಿ.

ಮೆಟಾದವರು 2021ರ ನವೆಂಬರಿನಲ್ಲಿ ಫೇಸ್‌ಬುಕ್ಕಿನ ಮುಖ ಗುರುತಿಸೋ ವ್ಯವಸ್ಥೆ ನಿಲ್ಲಿಸಿ, ನೂರು ಕೋಟಿಗೂ ಹೆಚ್ಚು ಜನರ ಮುಖದ ಅಳತೆಗಳನ್ನ ಅಳಿಸ್ತೀವಿ ಅಂದ್ರು. ಸುಮ್ಮನೆ ಒಳ್ಳೆ ಬುದ್ಧಿ ಬಂದಿದ್ದಲ್ಲ. ಇಲಿನಾಯ್ ರಾಜ್ಯದ ಕೇಸಿನಲ್ಲಿ 65 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡಿದ್ರು, ಆಮೇಲೆ 2024ರಲ್ಲಿ ಟೆಕ್ಸಾಸಿಗೆ 140 ಕೋಟಿ ಡಾಲರ್ ಕೊಡೋಕೆ ಒಪ್ಪಿದ್ರು. ಈಗ ಕನ್ನಡಕದ ಮೂಲಕ ಮತ್ತೆ ಅದೇ ಕಡೆ ಯೋಚನೆ ನಡೀತಿದೆ ಅಂತ ಅಲ್ಲಿನ ಪತ್ರಿಕೆಗಳು ಬರೆದಿವೆ. ಅಲ್ಲಿ ಕಾನೂನು ಇತ್ತು, ಕೇಸು ಹಾಕಿದ್ರು, ದುಡ್ಡು ಕಕ್ಕಿಸಿದ್ರು. ಇಲ್ಲಿ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು. ಅದಾದ ಮೇಲೆ ಬಂದ 2018ರ ಕರಡು, 2019ರ ಮಸೂದೆ ಎರಡರಲ್ಲೂ ಜಾತಿ ಮತ್ತು ಬುಡಕಟ್ಟನ್ನ ಸೂಕ್ಷ್ಮ ಮಾಹಿತಿ ಅಂತ ಬೇರೆಯಾಗಿ ಪಟ್ಟಿ ಮಾಡಿದ್ರು. 2023ರಲ್ಲಿ ಕೊನೆಗೆ ಪಾಸಾದ ಕಾಯ್ದೆಯಲ್ಲಿ ಆ ಪಟ್ಟಿಯೇ ಇಲ್ಲ. ನಮ್ಮ ಸಂಘಟನೆಗಳು ಇದರ ಬಗ್ಗೆ ಒಂದು ಧರಣಿನೂ ಮಾಡಲಿಲ್ಲ. ನಾನೂ ಮಾಡಲಿಲ್ಲ, ಯಾಕಂದ್ರೆ ನನಗೂ ಆಗ ಗೊತ್ತಿರಲಿಲ್ಲ.

ಇನ್ನೊಂದು ಮಾತು ಬರುತ್ತೆ, ಅದು ನಮ್ಮವರಿಂದಲೇ. "ಜಾತಿ ಬಚ್ಚಿಡೋದು ಹೇಡಿತನ. ಎದೆ ತಟ್ಟಿ ಹೇಳ್ಕೋಬೇಕು. ಕನ್ನಡಕ ಹೇಳಿದ್ರೆ ಹೇಳ್ಲಿ ಬಿಡು." ನಾನೂ ವೇದಿಕೆ ಮೇಲೆ ಹಾಗೇ ಭಾಷಣ ಮಾಡಿದೋನು. ಜಾತಿ ಗಣತಿ ಆದಾಗ ಮನೆಮನೆಗೆ ಹೋಗಿ "ನಿಮ್ಮ ಜಾತಿ ಸರಿಯಾಗಿ ಬರೆಸಿ" ಅಂತ ಹೇಳಿದೋನು. ಅದು ಒಳಮೀಸಲಾತಿಗೆ ಬೇಕಾದ ಲೆಕ್ಕ, ನಾವು ನಮ್ಮ ಪಾಲು ಕೇಳೋಕೆ ಕೊಟ್ಟ ಲೆಕ್ಕ. ಯಾರಿಗೆ, ಯಾವಾಗ, ಯಾಕೆ ಹೇಳಬೇಕು ಅನ್ನೋದು ಅಲ್ಲಿ ನಮ್ಮ ಕೈಯಲ್ಲಿತ್ತು. ಬಸ್ ಸ್ಟಾಪಲ್ಲಿ ನಿಂತಿರೋ ಯಾವನೋ ನನ್ನ ಮಗಳ ಮುಖ ನೋಡಿ ಎಲ್ಲಾ ಓದ್ಕೊಳ್ಳೋದಕ್ಕೂ ಅದಕ್ಕೂ ಏನು ಸಂಬಂಧ?

ಕ್ಯಾಲಿಫೋರ್ನಿಯಾದ ಸಿಸ್ಕೊ ಕೇಸು ನೆನಪಿರಬಹುದು. 2020ರಲ್ಲಿ ಅಲ್ಲಿನ ರಾಜ್ಯ ಸರ್ಕಾರದ ಇಲಾಖೆಯೇ ಹಾಕಿದ್ದು. ಐಐಟಿಯಲ್ಲಿ ಓದಿದ್ದ ಮೇಲಧಿಕಾರಿಯೊಬ್ಬರು, ತಮ್ಮ ಟೀಮಿನ ದಲಿತ ಇಂಜಿನಿಯರ್ ಮೀಸಲಾತಿಯಲ್ಲಿ ಸೀಟು ಪಡೆದವರು ಅಂತ ಸಹೋದ್ಯೋಗಿಗಳಿಗೆ ತಿಳಿಸಿದ್ರು ಅನ್ನೋದು ದೂರಿನ ಮೂಲ. ಕಂಪನಿ ಆರೋಪ ಒಪ್ಪಿಲ್ಲ. 2023ರಲ್ಲಿ ಆ ಇಬ್ಬರು ಮೇಲಧಿಕಾರಿಗಳ ಮೇಲಿನ ಕೇಸು ವಾಪಸ್ ತಗೊಂಡ್ರು ಕೂಡ. ನಾನು ಹೇಳೋದು ಇಷ್ಟು: ಸಾವಿರಾರು ಮೈಲಿ ದೂರ ಹೋದ್ರೂ ಹಿಂದೆ ಬರೋಕೆ ಇದಕ್ಕೆ ಒಬ್ಬ ಹಳೇ ಪರಿಚಯದವನ ಬಾಯಿ ಸಾಕು. ಕನ್ನಡಕ ಬಂದ್ರೆ ಪರಿಚಯದವನೂ ಬೇಕಾಗಲ್ಲ.

ನಾವು ತಂತ್ರಜ್ಞಾನದ ವಿರೋಧಿಗಳಲ್ಲ. ಬಾಬಾಸಾಹೇಬರು ಯಂತ್ರದ ಪರವಾಗಿದ್ದವರು, ಚರಕದ ಪರ ಅಲ್ಲ. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯೋ ಬದಲು ಯಂತ್ರ ಇಳೀಲಿ ಅಂತ ಎಷ್ಟು ವರ್ಷದಿಂದ ಬಡ್ಕೊಳ್ತಿದ್ದೀವಿ. ನೆಲದ ಕೆಳಗೆ ಪೈಪು ಎಲ್ಲಿದೆ, ಎಲ್ಲಿ ಕಟ್ಟಿಕೊಂಡಿದೆ ಅಂತ ಮೇಲೆ ನಿಂತೇ ಕನ್ನಡಕದಲ್ಲಿ ಕಾಣೋ ಹಾಗಾದ್ರೆ, ಆ ಎ.ಆರ್. ನಾಳೇನೇ ಬರ್ಲಿ. ಆದ್ರೆ ಇಲ್ಲಿವರೆಗೆ ಪೌರಕಾರ್ಮಿಕರ ಮೈಮೇಲೆ ಬಂದಿರೋ ತಂತ್ರಜ್ಞಾನ ಯಾವುದು? ನಾಗಪುರ, ಚಂಡೀಗಢದಲ್ಲಿ ಕೈಗೆ ಜಿಪಿಎಸ್ ವಾಚು ಕಟ್ಟಿದ್ರು, ಎಲ್ಲಿ ಕೂತ್ರು, ಎಷ್ಟು ಹೊತ್ತು ಕೂತ್ರು ಅಂತ ನೋಡೋಕೆ. 2020ರಲ್ಲಿ ಚಂಡೀಗಢದವರು ಬೀದಿಗಿಳಿದು ಪ್ರತಿಭಟನೆ ಮಾಡಿದ್ರು. ಮೂವತ್ತು ಸಾವಿರದ ಕನ್ನಡಕ ನೋಡೋರಿಗೆ, ವಾಚು ನೋಡಿಸ್ಕೊಳ್ಳೋರಿಗೆ.

ಬಳಗದಲ್ಲಿ ನನ್ನ ಬಾಯಿ ಕಟ್ಟಿಸಿದ್ದು ಒಬ್ಬನೇ. ಹಾಸ್ಟೆಲಿನಲ್ಲಿದ್ದು ಎಂ.ಎ. ಮಾಡ್ತಿರೋ ಹುಡುಗ, ಕಣ್ಣು ಕಾಣಲ್ಲ. ಅವತ್ತು ಆ ಕನ್ನಡಕವನ್ನ ಎಲ್ಲರಿಗಿಂತ ಜಾಸ್ತಿ ಹೊತ್ತು ಇಟ್ಕೊಂಡಿದ್ದು ಅವನೇ. ಟೇಬಲ್ ಮೇಲಿದ್ದ ಇಂಗ್ಲಿಷ್ ಪುಸ್ತಕದ ಹೆಸರು ಓದಿಸ್ಕೊಂಡ, ಬಾಗಿಲು ಯಾವ ಕಡೆ ಅಂತ ಕೇಳ್ಕೊಂಡ. "ಬಸ್ ನಂಬರಿಗೆ ಇನ್ನು ಯಾರನ್ನೂ ಕೇಳಬೇಕಾಗಿಲ್ಲ ಅಲ್ವಾ ಸರ್?" ಅಂದ. ಮುಖ ಗುರುತಿಸೋದು ಬೇಡ ಅಂತ ನಾನು ಭಾಷಣ ಶುರು ಮಾಡಿದಾಗ ಮಧ್ಯೆ ತಡೆದ. "ಸರ್, ನೀವು ದಿನಾ ನೂರು ಜನರ ಮುಖ ನೋಡಿ ಗುರುತು ಹಿಡೀತೀರಿ. ಅದಕ್ಕೆ ಯಾರ ಪರ್ಮಿಷನ್ನೂ ಕೇಳಲ್ಲ. ನನ್ನೆದುರು ಯಾರು ಬಂದು ನಿಂತಿದ್ದಾರೆ ಅಂತ ನನಗೆ ಗೊತ್ತಾಗೋದು ಬೇಡವಾ?"

ನನ್ನ ಹತ್ರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನ ಸ್ನೇಹಿತರು, ಮೇಷ್ಟ್ರು, ಮನೆಯವರು ಒಪ್ಪಿ ತಮ್ಮ ಮುಖ ಕೊಟ್ರೆ ಅಷ್ಟನ್ನ ಮಾತ್ರ ಆ ಕನ್ನಡಕವೇ ನೆನಪಿಟ್ಕೊಂಡು ಹೇಳ್ಲಿ, ಕಂಪನಿಯ ಕಣಜದಿಂದ ಮೂರುನೂರು ಕೋಟಿ ಜನರ ಮುಖ ಹುಡುಕಿ ಹೇಳೋದು ಬೇಡ ಅಂದೆ. "ಆಗಲಿ ಸರ್, ಶುರುವಿಗೆ ಅಷ್ಟು ಸಾಕು" ಅಂದ. ಕಂಪನಿಗೆ ಅಷ್ಟು ಸಾಕಾಗುತ್ತಾ ಅನ್ನೋದು ನನ್ನ ಅನುಮಾನ. ಐದು ಲಕ್ಷ ಕೋಟಿ ಕಳ್ಕೊಂಡವರು ಬಸ್ ನಂಬರ್ ಓದಿ ಅದನ್ನ ದುಡಿಯೋಕಾಗಲ್ಲ. ಅದಕ್ಕೇ ಮೆಟಾ ಎ.ಆರ್. ಮಾಡಬೇಕಾ ಅಂತ ನನ್ನ ಕೇಳಿದ್ರೆ, ಮುಖಕ್ಕೆ ಹೆಸರು ಅಂಟಿಸಲ್ಲ ಅಂತ ಕಾನೂನಿನ ಕೆಳಗೆ ಬರೆದುಕೊಡೋವರೆಗೆ ಬೇಡ ಅಂತೀನಿ. ಬೇರೆ ಕಂಪನಿ ಆಗಿದ್ರೆ ಇಷ್ಟು ಗಟ್ಟಿಯಾಗಿ ಹೇಳ್ತಿರಲಿಲ್ಲವೇನೋ. ಕನ್ನಡಕ ಮಾಡೋದೂ ಅವರೇ, ನಮ್ಮ ಮುಖ, ಹೆಸರು, ನೆಂಟರು, ಸ್ನೇಹಿತರ ಪಟ್ಟಿ ಇಟ್ಕೊಂಡಿರೋದೂ ಅವರೇ.

ಮೀಟಿಂಗ್ ಮುಗಿದ ಮೇಲೆ ಆ ತಮ್ಮ ನನ್ನ ಬೈಕಲ್ಲಿ ಮೆಟ್ರೋವರೆಗೆ ಬಂದ. ಅವನಿಗೆ ಎರಡು ಅಕೌಂಟ್ ಇವೆ ಅಂತ ನನಗೆ ಮೊದಲಿಂದ ಗೊತ್ತು. ಒಂದು ನಮ್ಮ ಜೊತೆ ಇರೋದು, ಅಡ್ಡಹೆಸರಿಂದು, ಬಾಬಾಸಾಹೇಬರ ಫೋಟೊ ಹಾಕಿರೋದು. ನನ್ನ ಪೋಸ್ಟುಗಳಿಗೆಲ್ಲ ಅಲ್ಲಿಂದಲೇ ಜೈಭೀಮ್ ಬರುತ್ತೆ. ಇನ್ನೊಂದು ಆಫೀಸಿನವರಿಗೆ, ನಿಜವಾದ ಹೆಸರು, ನಂದಿಬೆಟ್ಟದ ಮೇಲೆ ಟೀಮಿನವರ ಜೊತೆ ನಗ್ತಾ ನಿಂತಿರೋ ಅವನ ಮುಖ. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ. ಎರಡೂ ಅಕೌಂಟ್ ಒಂದೇ ಕಂಪನಿಯಲ್ಲಿವೆ, ಎರಡೂ ಒಂದೇ ಫೋನಲ್ಲಿ ತೆಗೀತಾನೆ.

ಸಿಗ್ನಲಲ್ಲಿ ನಿಂತಾಗ ಕೇಳಿದೆ. "ಅಲ್ಲಪ್ಪ, ಮುಂದೆ ಹೇಳುತ್ತೆ ಅಂದ್ಯಲ್ಲ. ನಿನ್ನ ಪಕ್ಕದ ಸೀಟಿನವನೂ ಇದನ್ನ ಹಾಕ್ಕೊಂಡು ಬಂದ್ರೆ?"

ಅವನು ಏನೂ ಅನ್ನಲಿಲ್ಲ. ಮೆಟ್ರೋ ಹತ್ರ ಇಳಿದು, ಕನ್ನಡಕ ತೆಗೆದು, ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕ್ಕೊಂಡ. ಮೆಟ್ಟಿಲ ಹತ್ರ ಹೋದವನು ವಾಪಸ್ ಬಂದ.

"ಅಣ್ಣ, ಇದನ್ನ ಬರೀತೀರ ಅಂತ ಗೊತ್ತು. ನನ್ನ ಹೆಸರು ಹಾಕ್ಬೇಡಿ."

ಹಾಕಿಲ್ಲ ತಮ್ಮ. ಯಾವ ಕಂಪನಿ ಅಂತಲೂ ಹಾಕಿಲ್ಲ. ನೀನೂ ಇವತ್ತು ಇದಕ್ಕೆ ಲೈಕ್ ಒತ್ತಬೇಡ.